ಗಾಳಿ ಎದ್ದಾಗ ದೋಣಿ ನೀರಿನ ಮೇಲೆ ಏಕಿತ್ತು?

ಏಪ್ರಿಲ್ ಇಲ್ಲವೆ ಮೇ ತಿಂಗಳ ಒಂದು ಸಂಜೆ ಬೆಳಗಾವಿಯ ಮಹಾಂತೇಶ ನಗರದ ಯಾವುದಾದರೂ ಮನೆಯ ಮಾಳಿಗೆ ಹತ್ತಿ ನಿಂತರೆ ಒಂದು ಪಾಠ ಪುಕ್ಕಟೆಯಾಗಿ ಸಿಗುತ್ತದೆ. ಮಧ್ಯಾಹ್ನದವರೆಗೆ ಬಿಸಿಲು ಸುಡುತ್ತಿರುತ್ತದೆ. ನಾಲ್ಕು ಗಂಟೆಯ ಹೊತ್ತಿಗೆ ದೂರದಲ್ಲಿ ಹೂಕೋಸಿನ ಆಕಾರದ ಬಿಳಿ ಮೋಡವೊಂದು ಮೇಲೇಳುತ್ತದೆ. ನೋಡುತ್ತಿದ್ದಂತೆ ಅದರ ಬುಡ ಕಪ್ಪಾಗುತ್ತದೆ. ಮೊದಲು ಮಿಂಚು ಮಾತ್ರ ಕಾಣುತ್ತದೆ, ಸದ್ದಿಲ್ಲ. ಆಮೇಲೆ ಗುಡುಗು. ಮಳೆಯ ಒಂದು ಹನಿಯೂ ಬಿದ್ದಿರುವುದಿಲ್ಲ, ಅಷ್ಟರಲ್ಲಿ ತಣ್ಣನೆಯ ಗಾಳಿ ಧೂಳನ್ನು ಹೊತ್ತು ರಭಸದಿಂದ ನುಗ್ಗುತ್ತದೆ. ಹಗ್ಗದ ಮೇಲಿನ ಬಟ್ಟೆಗಳು ಹಾರುತ್ತವೆ, ಸಡಿಲವಾದ ತಗಡುಗಳು ಬಡಿದುಕೊಳ್ಳುತ್ತವೆ. ಬಟ್ಟೆ ತೆಗೆಯಲು ಓಡಿದವರಿಗೆಲ್ಲ ಒಂದು ಸಂಗತಿ ಗೊತ್ತಿದೆ. ಮೋಡ ಕಂಡದ್ದಕ್ಕೂ ಗಾಳಿ ಬಂದದ್ದಕ್ಕೂ ನಡುವೆ ಸಮಯವಿತ್ತು.

ಮಾಳಿಗೆಯ ಮೇಲೆ ಆ ಸಮಯ ಕಳೆದುಕೊಂಡರೆ ಬಟ್ಟೆ ನೆನೆಯುತ್ತವೆ. ಅದೇ ಗಾಳಿ ಜಲಾಶಯದ ನಡುವೆ ಜನ ತುಂಬಿದ ದೋಣಿಯನ್ನು ಹಿಡಿದರೆ? ದುರಂತ ನಡೆದ ಮರುದಿನ ಪತ್ರಿಕೆಗಳಲ್ಲಿ "ಬಿರುಗಾಳಿಗೆ ಸಿಕ್ಕಿ ದೋಣಿ ಮಗುಚಿತು" ಎಂದು ಓದುತ್ತೇವೆ. ವಾಕ್ಯ ಸುಳ್ಳಲ್ಲ. ಆದರೆ ಅದರಲ್ಲಿ ಕರ್ತೃ ಗಾಳಿ, ಕರ್ಮ ದೋಣಿ. ಮನುಷ್ಯರು ಎಲ್ಲಿಯೂ ಇಲ್ಲ. ವಿಜ್ಞಾನ ಓದಿದವರು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕು.

ಭೀಮಾ ನದಿಯ ಮೇಲೆ ಒಂದು ಸಂಜೆ

2024ರ ಮೇ 21. ಕೃತ್ತಿಕಾ ಮಳೆಯ ದಿನಗಳು. ನಮ್ಮ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ಹರಿದು ಬರುವ ಭೀಮಾ ನದಿಗೆ ಮೇಲ್ಭಾಗದಲ್ಲಿ, ಮಹಾರಾಷ್ಟ್ರದಲ್ಲಿ, ಉಜನಿ ಅಣೆಕಟ್ಟು ಇದೆ. ಅದರ ಹಿನ್ನೀರಿನಲ್ಲಿ ಸೊಲ್ಲಾಪುರ ಜಿಲ್ಲೆ ಕರ್ಮಾಳಾ ತಾಲ್ಲೂಕಿನ ಕುಗಾಂವದಿಂದ ಆಚೆ ದಡದ ಕಳಾಶಿ ಗ್ರಾಮಕ್ಕೆ ದೋಣಿಯೊಂದು ಏಳು ಜನರನ್ನು ಹೊತ್ತು ಹೊರಟಿತ್ತು. ಸಂಜೆ ಗಾಳಿ ಮಳೆ ಎದ್ದಿತು, ದೋಣಿ ಮಗುಚಿತು. ಪೊಲೀಸ್ ಅಧಿಕಾರಿಯೊಬ್ಬರು ಈಜಿ ದಡ ಸೇರಿದರು. ಉಳಿದ ಆರು ಜನ, ಅವರಲ್ಲಿ ಮಕ್ಕಳೂ ಇದ್ದರು, ಬದುಕಲಿಲ್ಲ.

ಅದು ಪ್ರವಾಸಿ ದೋಣಿಯಲ್ಲ, ಊರಿಂದೂರಿಗೆ ದಾಟಿಸುವ ದೋಣಿ. ಆದರೂ ಇಲ್ಲಿಂದಲೇ ಆರಂಭಿಸಲು ಕಾರಣವಿದೆ. ಆ ಸಂಜೆಯ ಹವೆ ಬೆಳಗಾವಿ, ಖಾನಾಪುರ, ಹುಕ್ಕೇರಿ, ಸವದತ್ತಿಗಳ ಜನ ಪ್ರತಿ ವರ್ಷ ನೋಡುವ ಹವೆಯೇ. ನಮ್ಮ ಹಿಡಕಲ್ ಜಲಾಶಯದ ಮೇಲೂ ನವಿಲುತೀರ್ಥದ ಮೇಲೂ ಇಂಥದೇ ಮೋಡಗಳು ಏಳುತ್ತವೆ.

ಮೋಡದ ಕೆಳಗೆ ಏನು ನಡೆಯುತ್ತದೆ?

ಬಿಸಿಯಾದ ನೆಲದಿಂದ ಗಾಳಿ ಮೇಲೇರಿ ತಣಿದು ಮೋಡವಾಗುವುದನ್ನು ನೀವು ತರಗತಿಯಲ್ಲಿ ಕಲಿಸುತ್ತೀರಿ. ಅಪಘಾತಗಳ ದೃಷ್ಟಿಯಿಂದ ಮುಖ್ಯವಾದದ್ದು ಮುಂದಿನ ಭಾಗ, ಅಂದರೆ ಗಾಳಿ ಕೆಳಗಿಳಿಯುವ ಕಥೆ. ಕ್ಯುಮುಲೋನಿಂಬಸ್ ಮೋಡದಿಂದ ಹನಿಗಳು ಬೀಳುವಾಗ ಸುತ್ತಲಿನ ಗಾಳಿಯನ್ನೂ ಕೆಳಕ್ಕೆ ಎಳೆಯುತ್ತವೆ. ಹನಿಗಳ ಒಂದು ಭಾಗ ದಾರಿಯಲ್ಲೇ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಉಷ್ಣವನ್ನು ಸುತ್ತಲಿನ ಗಾಳಿಯಿಂದಲೇ ಪಡೆಯುವುದರಿಂದ ಆ ಗಾಳಿ ತಣ್ಣಗಾಗಿ, ಸಾಂದ್ರತೆ ಹೆಚ್ಚಿ, ಇನ್ನಷ್ಟು ವೇಗವಾಗಿ ಕುಸಿಯುತ್ತದೆ. ಬಕೆಟ್ಟಿನ ನೀರನ್ನು ನೆಲಕ್ಕೆ ಸುರಿದಾಗ ಎಲ್ಲ ದಿಕ್ಕಿಗೂ ಹರಡುವ ಹಾಗೆ ಈ ತಣ್ಣನೆಯ ಗಾಳಿ ನೆಲಕ್ಕೆ ತಾಗಿ ಸುತ್ತ ಹರಡುತ್ತದೆ. ಮಾಳಿಗೆಯ ಮೇಲೆ ನಿಮ್ಮ ಮುಖಕ್ಕೆ ಹೊಡೆದದ್ದು ಇದರ ಮುಂಚೂಣಿ. ಮಳೆ ಸುರಿಯುವ ಜಾಗದಿಂದ ಹಲವು ಕಿಲೋಮೀಟರ್ ಮುಂದೆಯೇ ಇದು ಓಡುತ್ತಿರುತ್ತದೆ.

ಮುಂಗಾರಿನ ಜಡಿಮಳೆಯಲ್ಲಿ ಸಾಮಾನ್ಯವಾಗಿ ಕಾಣದ ಈ ರಭಸ ಏಪ್ರಿಲ್-ಮೇ ತಿಂಗಳ ಮಳೆಯಲ್ಲಿ ಏಕೆ? ಆಗ ಮೋಡದ ಬುಡ ಎತ್ತರದಲ್ಲಿರುತ್ತದೆ, ಅದರ ಕೆಳಗಿನ ಗಾಳಿ ಒಣಗಿರುತ್ತದೆ. ಹನಿಗಳು ಹೆಚ್ಚು ಆವಿಯಾಗುತ್ತವೆ, ಗಾಳಿ ಹೆಚ್ಚು ತಣಿಯುತ್ತದೆ, ಹೆಚ್ಚು ವೇಗದಿಂದ ಇಳಿಯುತ್ತದೆ. ಎಷ್ಟೋ ಸಲ ನಾಲ್ಕು ಹನಿ ಬಿದ್ದು ನಿಂತ ಮಳೆ ಮರಗಳನ್ನು ಉರುಳಿಸಿ ಹೋಗುವುದು ಇದರಿಂದಲೇ. ಇನ್ನು ನೀರಿನ ಮೇಲೆ ಗಾಳಿಯನ್ನು ತಡೆಯುವ ಗಿಡಮರ, ಮನೆ, ದಿಬ್ಬಗಳಿರುವುದಿಲ್ಲ. ಊರಲ್ಲಿ ಜೋರು ಗಾಳಿ ಎನಿಸಿದ್ದು ಜಲಾಶಯದ ನಡುವೆ ಇನ್ನೂ ಜೋರಾಗಿರುತ್ತದೆ.

ಇಂಥ ಇಳಿಗಾಳಿ ಅತಿ ತೀವ್ರವಾದಾಗ ಅದನ್ನು ಡೌನ್‌ಬರ್ಸ್ಟ್ ಎನ್ನುತ್ತಾರೆ. 2015ರ ಜೂನ್ 1ರ ರಾತ್ರಿ ಚೀನಾದ ಯಾಂಗ್ತ್ಸೆ ನದಿಯಲ್ಲಿ ಪ್ರವಾಸಿ ಹಡಗು 'ಈಸ್ಟರ್ನ್ ಸ್ಟಾರ್' ಮಗುಚಿ 454 ಜನರಲ್ಲಿ 442 ಜನ ಸತ್ತದ್ದು ಇಂಥದೇ ಗಾಳಿಯಲ್ಲಿ. 2025ರ ಜುಲೈ 19ರಂದು ವಿಯೆಟ್ನಾಮಿನ ಹಾಲಾಂಗ್ ಕೊಲ್ಲಿಯಲ್ಲಿ ಹಠಾತ್ ಗುಡುಗುಮಳೆಗೆ ಪ್ರವಾಸಿ ದೋಣಿಯೊಂದು ಮಗುಚಿ ಮೂವತ್ತೈದಕ್ಕೂ ಹೆಚ್ಚು ಜನ ಸತ್ತರು. ಆಗ ದೂರದ ಸಮುದ್ರದಲ್ಲಿ ಚಂಡಮಾರುತವೊಂದು ಬರುತ್ತಿತ್ತು, ಎಲ್ಲರ ಗಮನ ಅದರ ಮೇಲಿತ್ತು. ದೋಣಿಯನ್ನು ಮಗುಚಿದ್ದು ಅದಲ್ಲ, ಸ್ಥಳದಲ್ಲೇ ಎದ್ದ ಗುಡುಗುಮಳೆ.

ಈಗ ಸಮಯದ ಲೆಕ್ಕಕ್ಕೆ ಬರೋಣ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ 3ರಿಂದ ಭಾಗಿಸಿದರೆ ಮಿಂಚಿನ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ. 30 ಸೆಕೆಂಡು ಎಂದರೆ 10 ಕಿ.ಮೀ. ಮುಂಚೂಣಿಯ ಗಾಳಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುತ್ತಿದೆ ಎಂದುಕೊಳ್ಳಿ. ಅದು ನಿಮ್ಮನ್ನು ತಲುಪಲು 15 ನಿಮಿಷ. ನಿಮ್ಮ ದೋಣಿ ದಡದಿಂದ 2 ಕಿ.ಮೀ. ದೂರದಲ್ಲಿದೆ, ಅದರ ವೇಗ ಗಂಟೆಗೆ 10 ಕಿ.ಮೀ. ದಡಕ್ಕೆ ಮರಳಲು 12 ನಿಮಿಷ. ಉಳಿದದ್ದು 3 ನಿಮಿಷ. ಮೋಡವನ್ನು ನೋಡಿ, ಯೋಚಿಸಿ, ದೋಣಿ ತಿರುಗಿಸಿ, ಕಟ್ಟಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಇಳಿಸಲು ಇರುವುದು ಇಷ್ಟೇ. ನಿರ್ಧಾರ ನೀರಿನ ಮೇಲೆ ಆಗುವಂಥದಲ್ಲ, ದಡದಲ್ಲೇ ಆಗಬೇಕಾದದ್ದು ಎಂಬುದು ಈ ಭಾಗಾಕಾರದಿಂದಲೇ ತಿಳಿಯುತ್ತದೆ. ಸಿಡಿಲಿನಿಂದ ಪಾರಾಗಲು ಹೇಳುವ ಹಳೆಯ ನಿಯಮವೂ ಇದಕ್ಕೆ ಹೊಂದುತ್ತದೆ: ಎಣಿಕೆ 30ಕ್ಕಿಂತ ಕಡಿಮೆಯಾದರೆ ಆಶ್ರಯಕ್ಕೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬೇಡಿ.

ಅದೇ ಗಾಳಿ, ಅದೇ ದೋಣಿ

ಗಾಳಿ ಬಂದಮಾತ್ರಕ್ಕೆ ಎಲ್ಲ ದೋಣಿಯೂ ಮಗುಚುವುದಿಲ್ಲ. ಇದನ್ನು ತಿಳಿಯಲು ಮೂರು ಬಿಂದುಗಳು ಸಾಕು. ದೋಣಿ ಮತ್ತು ಅದರಲ್ಲಿನ ಜನ, ಸಾಮಾನುಗಳ ಒಟ್ಟು ತೂಕ ಕೆಳಮುಖವಾಗಿ ವರ್ತಿಸುವ ಬಿಂದು ಗುರುತ್ವ ಕೇಂದ್ರ. ಮುಳುಗಿದ ಭಾಗದ ಮೇಲೆ ನೀರು ಒತ್ತುವ ಪ್ಲವನ ಬಲ ಮೇಲ್ಮುಖವಾಗಿ ವರ್ತಿಸುವ ಬಿಂದು ಪ್ಲವನ ಕೇಂದ್ರ. ದೋಣಿ ವಾಲಿದಾಗ ಮುಳುಗಿದ ಭಾಗದ ಆಕಾರ ಬದಲಾಗಿ ಪ್ಲವನ ಕೇಂದ್ರ ವಾಲಿದ ಬದಿಗೆ ಸರಿಯುತ್ತದೆ. ಅಲ್ಲಿಂದ ನೇರ ಮೇಲಕ್ಕೆ ಗೆರೆ ಎಳೆದರೆ ಅದು ದೋಣಿಯ ನಡುಗೆರೆಯನ್ನು ಸೇರುವ ಜಾಗಕ್ಕೆ ಮೆಟಾಸೆಂಟರ್ ಎಂದು ಹೆಸರು. ಗುರುತ್ವ ಕೇಂದ್ರ ಮೆಟಾಸೆಂಟರಿಗಿಂತ ಕೆಳಗೆ ಇರುವವರೆಗೆ ದೋಣಿ ತಾನಾಗಿ ನೆಟ್ಟಗಾಗುತ್ತದೆ. ಇವೆರಡರ ನಡುವಿನ ಅಂತರ ಹೆಚ್ಚಿದ್ದಷ್ಟೂ ಕ್ಷೇಮ. ಜನ ಮೇಲೆ ಹತ್ತಿದಷ್ಟೂ ಗುರುತ್ವ ಕೇಂದ್ರ ಮೇಲೇರಿ ಈ ಅಂತರ ಕಡಿಮೆಯಾಗುತ್ತದೆ.

ಒಂದು ಕಾಲ್ಪನಿಕ ದೋಣಿಯನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಪ್ರೌಢಶಾಲೆಯ ಮಕ್ಕಳೂ ಮಾಡಬಲ್ಲ ಲೆಕ್ಕ ಇದು. ಉದ್ದ 10 ಮೀಟರ್, ಅಗಲ 3 ಮೀಟರ್, ಜನ ಸೇರಿ ತೂಕ 8000 ಕೆ.ಜಿ. ಎಲ್ಲರೂ ಕೆಳಗೆ ಕುಳಿತಾಗ ಆ ಅಂತರ 60 ಸೆಂ.ಮೀ. ಅಂಚು ನೀರಿನಿಂದ 50 ಸೆಂ.ಮೀ. ಮೇಲಿದೆ, ಅಂದರೆ ಸುಮಾರು 18 ಡಿಗ್ರಿ ವಾಲಿದರೆ ಅಂಚು ನೀರಿಗೆ ತಾಗುತ್ತದೆ. ಬದಿಯಿಂದ ಗಾಳಿಗೆ ಒಡ್ಡಿಕೊಳ್ಳುವ ಕ್ಷೇತ್ರ 20 ಚದರ ಮೀಟರ್.

ಗಾಳಿಯ ಒತ್ತಡ = ½ × ಗಾಳಿಯ ಸಾಂದ್ರತೆ × ವೇಗದ ವರ್ಗ. ಸಾಂದ್ರತೆ ಘನ ಮೀಟರಿಗೆ 1.2 ಕೆ.ಜಿ. ವೇಗ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ಇರಲಿ. ಒತ್ತಡ ಚದರ ಮೀಟರಿಗೆ 240 ನ್ಯೂಟನ್. ಇಡೀ ಬದಿಯ ಮೇಲೆ 4800 ನ್ಯೂಟನ್, ಸುಮಾರು 490 ಕೆ.ಜಿ. ತೂಕದಷ್ಟು ತಳ್ಳಾಟ. ವೇಗ ಎರಡು ಪಟ್ಟಾದರೆ ತಳ್ಳಾಟ ನಾಲ್ಕು ಪಟ್ಟು ಎಂಬುದನ್ನು ಮರೆಯಬೇಡಿ. ಈ ಬಲ 1.5 ಮೀಟರ್ ಎತ್ತರದಲ್ಲಿ ವರ್ತಿಸಿದರೆ ಮಗುಚುವ ಭ್ರಾಮಕ 735 ಕೆ.ಜಿ.-ಮೀಟರ್. ಇದನ್ನು 8000 × 0.6, ಅಂದರೆ 4800ರಿಂದ ಭಾಗಿಸಿದರೆ ವಾಲುವ ಕೋನದ ಟ್ಯಾಂಜೆಂಟ್ ಸಿಗುತ್ತದೆ. ಕೋನ ಸುಮಾರು 9 ಡಿಗ್ರಿ. ಸ್ಪ್ರಿಂಗ್ ತಕ್ಕಡಿಗೆ ತೂಕವನ್ನು ಒಮ್ಮೆಲೇ ಬಿಟ್ಟರೆ ಮುಳ್ಳು ದಾಟಿ ಹೋಗಿ ಹಿಂದೆ ಬರುತ್ತದಲ್ಲವೇ? ಹಾಗೆಯೇ ಹಠಾತ್ ಬೀಸಿದ ಗಾಳಿಗೆ ದೋಣಿ ಇದರ ಸುಮಾರು ಎರಡರಷ್ಟು, ಅಂದರೆ 17 ಡಿಗ್ರಿಯವರೆಗೆ ವಾಲಬಹುದು. ಅಂಚು ನೀರಿಗೆ ತಾಗುವುದು 18ರಲ್ಲಿ. ಕೂದಲೆಳೆಯಲ್ಲಿ ಪಾರು.

ಈಗ ತಲಾ 50 ಕೆ.ಜಿ. ತೂಗುವ 20 ಜನರನ್ನು 2 ಮೀಟರ್ ಎತ್ತರದ ಮೇಲಟ್ಟಕ್ಕೆ ಹತ್ತಿಸಿ. ಒಟ್ಟು ತೂಕ ಒಂದು ಗ್ರಾಂ ಕೂಡ ಹೆಚ್ಚಲಿಲ್ಲ. ಆದರೆ ಗುರುತ್ವ ಕೇಂದ್ರ 25 ಸೆಂ.ಮೀ. ಮೇಲೇರಿತು, ಅಂತರ 35 ಸೆಂ.ಮೀ.ಗೆ ಇಳಿಯಿತು. ಅದೇ ಗಾಳಿಗೆ ಈಗ ಕೋನ 15 ಡಿಗ್ರಿ, ಹಠಾತ್ ಬೀಸಿದರೆ 29. ಅಂಚು ಎಂದೋ ಮುಳುಗಿ ನೀರು ಒಳಗೆ ನುಗ್ಗುತ್ತಿರುತ್ತದೆ. ಈ ಜನ ಏನನ್ನೋ ನೋಡಲು ಒಂದೇ ಬದಿಗೆ 1 ಮೀಟರ್ ಸರಿದರೆ ಗಾಳಿಯೇ ಬೇಕಿಲ್ಲ, ಕೋನ 20 ಡಿಗ್ರಿ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ 'ಜಲಕನ್ಯಕ' ದೋಣಿ ಮಗುಚಿ 45 ಜನ ಸತ್ತಾಗ ಆದದ್ದೂ ಇದೇ ಎನ್ನಲಾಗಿದೆ. ಕಾಡುಪ್ರಾಣಿಗಳನ್ನು ನೋಡಲು ಜನ ಒಂದು ಬದಿಗೆ ನುಗ್ಗಿದ್ದರು.

ಅದೇ ಗಾಳಿ, ಅದೇ ದೋಣಿ. ಒಂದು ಸಲ ಪಾರು, ಇನ್ನೊಂದು ಸಲ ಸಾವು. ಈ ಎರಡರ ನಡುವಿನ ವ್ಯತ್ಯಾಸವನ್ನು ಗಾಳಿ ಮಾಡಲಿಲ್ಲ. ಕಾನೂನಿನ ಭಾಷೆಯಲ್ಲಿ ನಿರ್ಲಕ್ಷ್ಯ ಎನ್ನುವುದು ಭೌತವಿಜ್ಞಾನದ ಭಾಷೆಯಲ್ಲಿ ಕುಳಿತಿರುವ ಜಾಗ ಇದು.

ತರಗತಿಯಲ್ಲಿ ಮಾಡಿ ನೋಡಿ

ಆಯತಾಕಾರದ ಒಂದು ಪ್ಲಾಸ್ಟಿಕ್ ಡಬ್ಬಿ, ನೀರು ತುಂಬಿದ ಟಬ್ಬು, ಹತ್ತು ನಾಣ್ಯ, ನಾಲ್ಕೈದು ಖಾಲಿ ಬೆಂಕಿಪೊಟ್ಟಣ ಸಾಕು. ನಾಣ್ಯಗಳನ್ನು ಡಬ್ಬಿಯ ತಳದ ನಡುವೆ ಜೇಡಿಮಣ್ಣಿನಿಂದ ಅಂಟಿಸಿ ತೇಲಿಬಿಡಿ, ಬೆರಳಿನಿಂದ ಒಂದು ಬದಿ ಒತ್ತಿ ಬಿಡಿ. ಚಟಪಟನೆ ಓಲಾಡಿ ನಿಲ್ಲುತ್ತದೆ. ಈಗ ಅದೇ ನಾಣ್ಯಗಳನ್ನು ಬೆಂಕಿಪೊಟ್ಟಣಗಳ ಅಟ್ಟದ ಮೇಲಿಟ್ಟು ಅಂಟಿಸಿ. ಓಲಾಟ ನಿಧಾನವಾಗುತ್ತದೆ, ವಾಲಿದ ಕಡೆ ಡಬ್ಬಿ ಕ್ಷಣಕಾಲ ನಿಂತು, ಮನಸ್ಸಿಲ್ಲದೆ ಮರಳಿದಂತೆ ಕಾಣುತ್ತದೆ. ಸೋಮಾರಿಯಾಗಿ ಓಲಾಡುವ ದೋಣಿ ಹಿತವೆನಿಸುತ್ತದೆ, ಆದರೆ ಅದು ಅಪಾಯದ ಲಕ್ಷಣ. ಮುಂದೆ ಡಬ್ಬಿಯೊಳಗೆ ಕೆಲವು ಚಮಚ ನೀರು ಹಾಕಿ ಒತ್ತಿ ನೋಡಿ. ಒಳಗಿನ ನೀರು ವಾಲಿದ ಬದಿಗೇ ಓಡಿ ಇನ್ನಷ್ಟು ವಾಲಿಸುತ್ತದೆ. ದೋಣಿಯ ತಳದಲ್ಲಿ ನೀರು ಅತ್ತಿತ್ತ ಓಡಾಡುತ್ತಿದ್ದರೆ ಹತ್ತಬಾರದು ಎನ್ನುವುದು ಕಾಲು ನೆನೆಯುತ್ತದೆಂದಲ್ಲ. ಕೊನೆಗೆ ಡಬ್ಬಿಯ ಒಂದು ಬದಿಗೆ ರಟ್ಟನ್ನು ನಿಲ್ಲಿಸಿ ಊದಿ.

ಆ ರಟ್ಟಿನ ಬಗ್ಗೆ ಎರಡು ಮಾತು. ಪ್ರವಾಸಿ ದೋಣಿಗಳಿಗೆ ನೆರಳಿಗೆಂದು ಚಾವಣಿ ಇರುತ್ತದೆ. ಮಳೆ ಬಂದರೆ ಬದಿಗಳಲ್ಲಿ ತಾಡಪತ್ರಿ ಇಲ್ಲವೆ ಪ್ಲಾಸ್ಟಿಕ್ ಪರದೆ ಇಳಿಬಿಡುತ್ತಾರೆ. ಜನ ನೆನೆಯದಿರಲಿ ಎಂಬ ಕಾಳಜಿ ಅದು. ಆದರೆ ಗಾಳಿ ದಾಟಿ ಹೋಗುತ್ತಿದ್ದ ಜಾಗ ಈಗ ಹಾಯಿಪಟವಾಯಿತು, ಒಳಗಿನವರಿಗೆ ಹೊರಬರುವ ದಾರಿ ಮುಚ್ಚಿತು. 2018ರ ಮೇ 15ರಂದು ಆಂಧ್ರದ ಗೋದಾವರಿಯಲ್ಲಿ, ದೇವಿಪಟ್ನಂ ಸಮೀಪ, ಬಿರುಗಾಳಿಗೆ ಲಾಂಚ್ ಒಂದು ಮುಳುಗಿದಾಗ ಮಳೆಗೆಂದು ಬಾಗಿಲು ಕಿಟಕಿ ಮುಚ್ಚಿದ್ದರಿಂದ ಒಳಗಿದ್ದವರು ಸಿಕ್ಕಿಬಿದ್ದರೆಂದು ವರದಿಯಾಗಿತ್ತು.

ಟೇಬಲ್ ರಾಕ್ ಸರೋವರದ 36 ನಿಮಿಷ

ನಿಮಿಷ ನಿಮಿಷದ ವಿವರ ಸಿಗುವಂತೆ ತನಿಖೆಯಾದ ಒಂದು ಪ್ರಕರಣವನ್ನು ತುಸು ನಿಧಾನವಾಗಿ ನೋಡೋಣ. ಅಮೆರಿಕದ ಮಿಸೌರಿ ರಾಜ್ಯದ ಬ್ರಾನ್ಸನ್ ಎಂಬ ಪ್ರವಾಸಿ ಊರಿನ ಬಳಿ ಟೇಬಲ್ ರಾಕ್ ಎಂಬ ಸರೋವರವಿದೆ. ಇದೂ ನಮ್ಮ ಹಿಡಕಲ್‌ನಂತೆ ಅಣೆಕಟ್ಟಿನ ಹಿನ್ನೀರೇ. ಅಲ್ಲಿ ನೆಲದ ಮೇಲೂ ನೀರಿನ ಮೇಲೂ ಓಡುವ 'ಡಕ್' ವಾಹನಗಳಲ್ಲಿ ಪ್ರವಾಸಿಗರನ್ನು ಸುತ್ತಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಸೈನಿಕ ವಾಹನದ ವಿನ್ಯಾಸ ಅದು.

2018ರ ಜುಲೈ 19. ಬೆಳಿಗ್ಗೆ 11.20ಕ್ಕೆ ಹವಾಮಾನ ಸೇವೆ ಆ ಪ್ರದೇಶಕ್ಕೆ ತೀವ್ರ ಗುಡುಗುಮಳೆಯ ಸಾಧ್ಯತೆ ಇದೆಯೆಂದು ತಿಳಿಸಿತು. ಸಂಜೆ 6.32ಕ್ಕೆ ಸರೋವರವನ್ನೂ ಒಳಗೊಂಡ ನಿಖರ ಎಚ್ಚರಿಕೆ ಹೊರಬಿತ್ತು. ಪ್ರವಾಸದಲ್ಲಿ ಮೊದಲು ನೆಲದ ಸುತ್ತಾಟ, ನಂತರ ನೀರು ಎಂಬುದು ಕ್ರಮ. ಹವೆ ಬರುತ್ತಿದೆಯೆಂದು ಉಸ್ತುವಾರಿಯವರು ಅಂದು ಕ್ರಮ ಬದಲಿಸಿ, ಮೊದಲು ನೀರಿನ ಸುತ್ತು ಮುಗಿಸಿರಿ ಎಂದರು. ಇದನ್ನು ಎರಡು ಸಲ ಓದಿ. ಬಿರುಗಾಳಿ ಬರುವುದು ಅವರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿದ್ದೇ, ಅದಕ್ಕಿಂತ ಮುಂಚೆ ಮುಗಿಸಿಬಿಡೋಣ ಎಂದರು. ಎಚ್ಚರಿಕೆ ಬಂದು 23 ನಿಮಿಷಗಳ ನಂತರ, 6.55ರ ಹೊತ್ತಿಗೆ ವಾಹನ ನೀರಿಗಿಳಿಯಿತು. ಆಗ ನೀರು ಶಾಂತವಾಗಿತ್ತು. ಕೆಲವೇ ನಿಮಿಷಗಳಲ್ಲಿ ಗಾಳಿ ಎದ್ದಿತು, ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 117 ಕಿ.ಮೀ. ಮುಂಭಾಗದಲ್ಲಿ ಗಾಳಿಯಾಡಲೆಂದು ಇದ್ದ, ನೀರನ್ನು ತಡೆಯದ ಮುಚ್ಚಳದ ಮೂಲಕ ಅಲೆಗಳು ಒಳನುಗ್ಗಿದವು. 7.08ರ ಸುಮಾರಿಗೆ ಅದು ಮುಳುಗಿತು. ಇದ್ದವರು 31, ಸತ್ತವರು 17.

ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ 2020ರಲ್ಲಿ ಕೊಟ್ಟ ತೀರ್ಮಾನದಲ್ಲಿ ಕಾರಣದ ಸ್ಥಾನದಲ್ಲಿ ಬಿರುಗಾಳಿಯನ್ನು ಇಡಲಿಲ್ಲ. ಎಚ್ಚರಿಕೆ ಬಂದ ಮೇಲೂ ಕಂಪನಿ ನೀರಿನ ಪ್ರವಾಸ ಮುಂದುವರಿಸಿದ್ದೇ ಸಂಭಾವ್ಯ ಕಾರಣ ಎಂದಿತು. ಅಷ್ಟಕ್ಕೇ ನಿಲ್ಲಲಿಲ್ಲ. ಇಂಥ ವಾಹನಗಳಿಗೆ ನೀರು ತುಂಬಿದರೂ ತೇಲುವಷ್ಟು ಹೆಚ್ಚುವರಿ ಪ್ಲವನ ಇರಬೇಕೆಂದು ಕಡ್ಡಾಯ ಮಾಡದ ತೀರರಕ್ಷಣಾ ಪಡೆಯ ಕಡೆಗೂ ಬೆರಳು ತೋರಿತು. ಏಕೆಂದರೆ 1999ರ ಮೇ 1ರಂದು ಆರ್ಕನ್ಸಾ ರಾಜ್ಯದಲ್ಲಿ 'ಮಿಸ್ ಮೆಜೆಸ್ಟಿಕ್' ಎಂಬ ಇಂಥದೇ ವಾಹನ ಮುಳುಗಿ 13 ಜನ ಸತ್ತಿದ್ದರು. ಹೆಚ್ಚುವರಿ ಪ್ಲವನ ಬೇಕು, ಸ್ಥಿರ ಚಾವಣಿಗಳನ್ನು ತೆಗೆಯಬೇಕು ಎಂದು ಇದೇ ಮಂಡಳಿ ಆಗಲೇ ಹೇಳಿತ್ತು. ಬ್ರಾನ್ಸನ್ ದುರಂತ 36 ನಿಮಿಷದ್ದು ಎನ್ನಬಹುದು, 19 ವರ್ಷದ್ದು ಎಂದೂ ಎನ್ನಬಹುದು.

ಚಾವಣಿಯ ಮಾತು ನಮಗೂ ಮುಖ್ಯ. ಜೀವರಕ್ಷಕ ಜಾಕೆಟ್ ಹಾಕಿದರೆ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ತೆರೆದ ದೋಣಿಗೆ ಅದು ಸರಿ. ಮುಚ್ಚಿದ ದೋಣಿ ಮುಳುಗುವಾಗ ಜಾಕೆಟ್ ತೊಟ್ಟವನನ್ನು ಅದು ಚಾವಣಿಗೇ ಒತ್ತಿ ಹಿಡಿಯುತ್ತದೆ, ಕೆಳಗೆ ಮುಳುಗಿ ಕಿಟಕಿಯಿಂದ ಹೊರಬರಲು ಬಿಡುವುದಿಲ್ಲ. ಆದ್ದರಿಂದ ಜಾಕೆಟ್ ಬೇಡವೆಂದಲ್ಲ. ಜಾಕೆಟ್ ತೊಟ್ಟು ಚಾವಣಿಯ ಕೆಳಗೆ, ಪರದೆಯ ಹಿಂದೆ ಕುಳಿತವನು ಪೂರ್ತಿ ಸುರಕ್ಷಿತನಲ್ಲ ಎಂದು.

ದೈವಕೃತವೇ, ಮಾನವಕೃತವೇ?

ನ್ಯಾಯಾಲಯಗಳಲ್ಲಿ ಪ್ರತಿವಾದಿಗಳು ಬಳಸುವ ಹಳೆಯ ಮಾತೊಂದಿದೆ: ಇದು ದೈವಕೃತ, ಯಾರ ತಪ್ಪೂ ಅಲ್ಲ. ಈ ಮಾತಿಗೆ ಬೆಲೆಯೇ ಇಲ್ಲವೆಂದಲ್ಲ. 1876ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 'ನ್ಯೂಜೆಂಟ್ ವಿರುದ್ಧ ಸ್ಮಿತ್' ಪ್ರಕರಣದಲ್ಲಿ ಇದನ್ನು ಒಪ್ಪಿತ್ತು. ಲಂಡನ್ನಿನಿಂದ ಅಬರ್ಡೀನಿಗೆ ಹೋಗುತ್ತಿದ್ದ ಹಡಗಿನಲ್ಲಿ ಒಂದು ಹೆಣ್ಣು ಕುದುರೆ ಬಿರುಸು ಹವೆಯಲ್ಲಿ ಬೆದರಿ ಒದ್ದಾಡಿ ಗಾಯಗೊಂಡು ಸತ್ತಿತ್ತು. ಸಾಧ್ಯವಿದ್ದ ಎಲ್ಲ ಎಚ್ಚರಿಕೆಯನ್ನೂ ಹಡಗಿನವರು ವಹಿಸಿದ್ದರೆಂದು ಕಂಡುಬಂದದ್ದರಿಂದ ಅವರು ಹೊಣೆಯಲ್ಲ ಎಂದಾಯಿತು. ಗಮನಿಸಿ, ಬಿರುಗಾಳಿ ಇತ್ತೆಂದಲ್ಲ, ಎಚ್ಚರಿಕೆ ವಹಿಸಿದ್ದರೆಂದು ಅವರನ್ನು ಬಿಟ್ಟದ್ದು. ಈಸ್ಟರ್ನ್ ಸ್ಟಾರ್ ತನಿಖೆಯೂ ಹೀಗೆಯೇ ಎರಡು ಬದಿ ನೋಡಿತು. ಅಪರೂಪದ ತೀವ್ರ ಗಾಳಿಯೇ ಕಾರಣ ಎಂದಿತು, ಜೊತೆಗೆ ಕಪ್ತಾನ ಪರಿಸ್ಥಿತಿಗೆ ತಕ್ಕಂತೆ ನಡೆದುಕೊಳ್ಳಲಿಲ್ಲ ಎಂದೂ ಹೇಳಿತು.

ಹಾಗಾದರೆ ಕೇಳಬೇಕಾದ ಪ್ರಶ್ನೆ: ಮುಂದಾಗಿ ತಿಳಿಯಬಹುದಿತ್ತೇ, ತಿಳಿದ ಮೇಲೆ ಮಾಡಬಹುದಾದದ್ದು ಏನಿತ್ತು? 1876ರ ನಾವಿಕನಿಗೆ ಆಕಾಶ ನೋಡುವುದೊಂದೇ ದಾರಿ. ಇಂದು ಭಾರತೀಯ ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳ ಮುನ್ಸೂಚನೆಯನ್ನು ಜಿಲ್ಲಾವಾರು ಕೊಡುತ್ತದೆ, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಎಚ್ಚರಿಸುತ್ತದೆ. ಗೋವಾದ ಡಾಪ್ಲರ್ ರೇಡಾರಿನ ಚಿತ್ರದಲ್ಲಿ ಬೆಳಗಾವಿಯ ಮೇಲಿನ ಮೋಡಗಳು ಕಾಣುತ್ತವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಎಂಬ ಮೊಬೈಲ್ ತಂತ್ರಾಂಶ ಹತ್ತಿರದ ಸಿಡಿಲನ್ನು ತಿಳಿಸುತ್ತದೆ. ತಿಳಿಯುವ ಸಾಧನ ಹೆಚ್ಚಿದಷ್ಟೂ "ಗೊತ್ತಿರಲಿಲ್ಲ" ಎಂಬ ಉತ್ತರದ ಜಾಗ ಕಿರಿದಾಗುತ್ತದೆ. ವಿಜ್ಞಾನ ಬೆಳೆದಂತೆ ದೈವದ ಪಾಲು ಕಡಿಮೆಯಾಗಿ ಮನುಷ್ಯನ ಪಾಲು ಹೆಚ್ಚುವ ವಿಚಿತ್ರ ಲೆಕ್ಕ ಇದು.

ನಮ್ಮ ಕಾನೂನು ಏನು ಹೇಳುತ್ತದೆ? 2021ರ ಒಳನಾಡು ಹಡಗುಗಳ ಅಧಿನಿಯಮದ ಪ್ರಕಾರ ಯಂತ್ರಚಾಲಿತ ದೋಣಿಗೆ ತಪಾಸಣೆ, ನೋಂದಣಿ, ಅರ್ಹ ಸಿಬ್ಬಂದಿ, ಜೀವರಕ್ಷಕ ಸಾಧನಗಳು ಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಗೆ ಮಾರ್ಗಸೂಚಿ ಹೊರಡಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ 5 ವರ್ಷದವರೆಗೆ ಸೆರೆವಾಸ ಆಗಬಹುದು. ಅದೇ ಸಂಹಿತೆಯ 284ನೆಯ ಕಲಮು ಸುರಕ್ಷಿತವಲ್ಲದ ಅಥವಾ ಮಿತಿಮೀರಿ ತುಂಬಿದ ದೋಣಿಯಲ್ಲಿ ಬಾಡಿಗೆಗೆ ಜನರನ್ನು ಸಾಗಿಸುವುದನ್ನೇ ಅಪರಾಧ ಎನ್ನುತ್ತದೆ. ಅದಕ್ಕೆ ಯಾರೂ ಸಾಯಬೇಕಾಗಿಲ್ಲ. ಆದರೆ ಶಿಕ್ಷೆ ಹೆಚ್ಚೆಂದರೆ 6 ತಿಂಗಳು ಅಥವಾ 5000 ರೂಪಾಯಿ ದಂಡ ಅಥವಾ ಎರಡೂ. ದುರಂತಕ್ಕೆ ಮೊದಲೇ ಬಳಸಬಹುದಾದ ಈ ಕಲಮಿಗಿಂತ ದುರಂತದ ನಂತರ ಬಳಸುವ ಕಲಮೇ ಸುದ್ದಿಯಾಗುತ್ತದೆ ಎಂಬುದು ನನ್ನ ಕೊರಗು.

ಶಿಕ್ಷೆ ಆಗುವುದೂ ಸುಲಭವಲ್ಲ. ಬ್ರಾನ್ಸನ್ ಪ್ರಕರಣದಲ್ಲಿ ಕಪ್ತಾನ ಮತ್ತು ಇಬ್ಬರು ಅಧಿಕಾರಿಗಳ ಮೇಲೆ ಹೊರಿಸಿದ್ದ ಫೆಡರಲ್ ಆರೋಪಗಳನ್ನು 2020ರ ಡಿಸೆಂಬರಿನಲ್ಲಿ ನ್ಯಾಯಾಲಯ ಕೈಬಿಟ್ಟಿತು. ಕಾರಣ, ಆ ಸರೋವರ ನೌಕಾಕಾನೂನಿನ ಅರ್ಥದಲ್ಲಿ ಸಂಚಾರಯೋಗ್ಯ ಜಲವಲ್ಲ ಎಂಬುದು!

ಶಿಕ್ಷಕರ ಪಾಲು

ಈ ಭಾಗವನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ, ಬಿಡುವಂತೆಯೂ ಇಲ್ಲ. 2007ರ ಫೆಬ್ರುವರಿ 20ರಂದು ಕೇರಳದ ತಟ್ಟೇಕ್ಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 15 ಮಕ್ಕಳು, 3 ಶಿಕ್ಷಕರು ಸತ್ತರು. 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ 12 ಮಕ್ಕಳು, 2 ಶಿಕ್ಷಕಿಯರು. ಅಲ್ಲಿ 14 ಜನರ ಮಿತಿಯ ದೋಣಿಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಜನರಿದ್ದರೆಂದೂ ಎಲ್ಲರಿಗೂ ಜಾಕೆಟ್ ಇರಲಿಲ್ಲವೆಂದೂ ವರದಿಯಾಯಿತು. ನಮ್ಮ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿ ಮರಳುತ್ತಿದ್ದ ದೋಣಿ ದೊಡ್ಡ ಅಲೆಗೆ ಸಿಕ್ಕಿ ಮಗುಚಿ 16 ಜನ ಸತ್ತರು. ಸತ್ತವರಲ್ಲಿ ಅನೇಕರು ಹಾವೇರಿ ಕಡೆಯ ಒಳನಾಡಿನವರು. ಈ ಮೂರರಲ್ಲಿ ಎಲ್ಲಿಯೂ ಬಿರುಗಾಳಿ ಇರಲಿಲ್ಲ. ಗಾಳಿ ಇಲ್ಲದ ದಿನವೇ ಹೀಗಾದರೆ ಗಾಳಿ ಎದ್ದ ದಿನದ ಗತಿ ಏನು?

ನಾವು ಒಳನಾಡಿನವರು ನೀರಿನ ಮುಂದೆ ಸಂಕೋಚದವರು. ದೋಣಿಯವನಿಗೆ ತಿಳಿಯದ್ದು ನಮಗೆ ತಿಳಿದೀತೆ ಎಂದು ಸುಮ್ಮನಾಗುತ್ತೇವೆ. ಆದರೆ ದೋಣಿಯ ಮೇಲೆ ಬರೆದ ಮಿತಿಯನ್ನು ಓದಲು, ತಲೆ ಎಣಿಸಲು, ಮಗುವಿನ ಅಳತೆಗೆ ಜಾಕೆಟ್ ಇದೆಯೇ ನೋಡಲು ಈಜು ಬರಬೇಕಾಗಿಲ್ಲ. ದೊಡ್ಡವರ ಜಾಕೆಟ್ ತೊಟ್ಟ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ, ಮಗು ಕೆಳಗೆ ಜಾರುತ್ತದೆ. ಮೊಬೈಲಿನಲ್ಲಿ ಮೂರು ಗಂಟೆಯ ಮುನ್ಸೂಚನೆ ನೋಡುವುದಕ್ಕೂ ಯಾರ ಅಪ್ಪಣೆ ಬೇಕಿಲ್ಲ. ಪಾಲಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆಂಬುದು ಇಲ್ಲಿ ನೆರವಿಗೆ ಬರುವುದಿಲ್ಲ. ಅವರು ಒಪ್ಪಿದ್ದು ಪ್ರವಾಸಕ್ಕೆ, ಬಿರುಗಾಳಿಗಲ್ಲ.

ಕೆಲವು ವರ್ಷಗಳ ಹಿಂದೆ, ದಸರೆ ಮುಗಿದ ಅಕ್ಟೋಬರಿನಲ್ಲಿ, ನಾವು ಮೂವರು ಶಿಕ್ಷಕರು ಎಂಟನೆಯ ತರಗತಿಯ ಮಕ್ಕಳನ್ನು ಒಂದು ಜಲಾಶಯಕ್ಕೆ ಕರೆದೊಯ್ದಿದ್ದೆವು. ಹಿಂಗಾರಿನ ಹೊತ್ತು, ಸಂಜೆ ಗುಡುಗು ಏಳುವ ಎರಡನೆಯ ಕಾಲ. ಟಿಕೆಟ್ ಕೊಂಡಾಗಿತ್ತು, ಮಕ್ಕಳು ಸಾಲಾಗಿ ನಿಂತಿದ್ದರು. ಆಚೆ ದಡದ ಮೇಲೆ ಕಪ್ಪು ಮೋಡ. ಮಿಂಚಿತು. ನಾನು ಎಣಿಸಿದೆ, ಇಪ್ಪತ್ತಕ್ಕೆ ಗುಡುಗು ಕೇಳಿತು. ಏಳು ಕಿಲೋಮೀಟರಿಗಿಂತ ಹತ್ತಿರ. ಬೇಡ ಎಂದೆ. ದೋಣಿಯವನು ಒಳ್ಳೆಯ ಮನುಷ್ಯ, ಬೇಸರದಿಂದ ಹೇಳಿದ: "ಏನೂ ಆಗೂದಿಲ್ರೀ ಸರ್, ದಿನಾ ಒಯ್ತೀವಿ. ಮಳಿ ಬರೂದ್ರಾಗ ಒಂದ್ ರೌಂಡ್ ಹೊಡಕೊಂಡ ಬಂದಬಿಡ್ತೀವಿ." ಬ್ರಾನ್ಸನ್ನಿನ ಉಸ್ತುವಾರಿಯವರು ಹೇಳಿದ್ದೂ ಇದನ್ನೇ ಎಂದು ಆಮೇಲೆ ವರದಿ ಓದುವಾಗ ಮೈ ಜುಮ್ಮೆಂದಿತು. ಟಿಕೆಟ್ಟಿನ ಹಣ ಮರಳಲಿಲ್ಲ. ಜೊತೆಗಿದ್ದ ಒಬ್ಬ ಶಿಕ್ಷಕರಿಗೂ ನನ್ನ ಮೇಲೆ ಸಿಟ್ಟು ಬಂತು.

ಮೋಡ ಬೇರೆ ದಿಕ್ಕಿಗೆ ಹೋಯಿತು. ಅರ್ಧ ಗಂಟೆಯಲ್ಲಿ ಬಿಸಿಲು ಬಿದ್ದು ನೀರು ಕನ್ನಡಿಯಂತೆ ಹೊಳೆಯತೊಡಗಿತು. ಬಸ್ಸಿನಲ್ಲಿ ಬೆಳಗಾವಿ ಮುಟ್ಟುವವರೆಗೆ ಮಕ್ಕಳು ಮುಖ ಊದಿಸಿಕೊಂಡಿದ್ದರು. ಇಳಿಯುವಾಗ ಹುಡುಗಿಯೊಬ್ಬಳು ಕೇಳಿದಳು: "ಸರ್, ಮಳಿ ಬರಲೇ ಇಲ್ಲಲ್ರೀ?"

"ಹೌದವ್ವಾ, ಬರಲಿಲ್ಲ" ಎಂದೆ. ಮರುದಿನ ತರಗತಿಗೆ ಡಬ್ಬಿ, ನಾಣ್ಯ, ಬೆಂಕಿಪೊಟ್ಟಣ ಒಯ್ದೆ.